ಬೀದರ್ ನಗರ: ಯುವ ಪ್ರವಾಸಿಗರಿಗೆ ಮಾಹಿತಿ

ಬೀದರ್ ನಗರವು ಕರ್ನಾಟಕ ರಾಜ್ಯದ ಉತ್ತರದ ಕಟ್ಟಕಡೆಯ ಜಿಲ್ಲಾ ಕೇಂದ್ರವಾಗಿದ್ದು, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ ನೆಲೆಗೊಂಡಿದೆ. ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರವಿರುವ ಕಾರಣ ರಾಜ್ಯದ ದಕ್ಷಿಣ ಭಾಗದ ಶಾಲಾ ಕಾಲೇಜುಗಳ ಪ್ರವಾಸ ಪಟ್ಟಿಯಲ್ಲಿ ಈ ನಗರದ ಹೆಸರು ಕಾಣುವುದು ವಿರಳ. ಸುಮಾರು 140 ಕಿ.ಮೀ. ದೂರದ ಹೈದರಾಬಾದಿನಿಂದ ಬರುವವರಲ್ಲಿಯೂ ಅನೇಕರು ಬೆಳಿಗ್ಗೆ ಬಂದು, ಕೋಟೆಯ ಮುಂದೆ ಭಾವಚಿತ್ರ ತೆಗೆದುಕೊಂಡು, ಸಂಜೆಗೆ ಹಿಂದಿರುಗುತ್ತಾರೆ. ಅರ್ಧ ದಿನದಲ್ಲಿ ನೋಡಿ ಮುಗಿಸಬಹುದಾದ ಊರು ಇದಲ್ಲ. ಕನಿಷ್ಠ ಎರಡು ದಿನಗಳ ಬಿಡುವು ಮಾಡಿಕೊಂಡು, ಸಾಧ್ಯವಾದಷ್ಟು ಕಾಲ್ನಡಿಗೆಯಲ್ಲಿ ನೋಡಬಯಸುವ ವಿದ್ಯಾರ್ಥಿಗಳು ಹಾಗೂ ಯುವಜನರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕೋಟೆ ಮತ್ತು ಹಳೆಯ ನಗರ

ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಷಾ 15ನೇ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದನು. ಬಹಮನಿಗಳ ನಂತರ ಬರೀದ್ ಷಾಹಿಗಳು, ಬಿಜಾಪುರದ ಆದಿಲ್ ಷಾಹಿಗಳು, 1657ರಿಂದ ಮೊಗಲರು, ತದನಂತರ ಹೈದರಾಬಾದಿನ ನಿಜಾಮರು ಆಳಿದ ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಈ ಕಾರಣದಿಂದಲೇ ಇಲ್ಲಿನ ಬೀದಿಗಳಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಭಾಷೆಗಳು ಕೇಳಿಬರುತ್ತವೆ.

ಕೋಟೆಯನ್ನು ಪ್ರವೇಶಿಸುವ ಮೊದಲು ಕಂದಕದ ಬಳಿ ಸ್ವಲ್ಪ ನಿಲ್ಲುವುದು ಸೂಕ್ತ. ಇದು ಅಗೆದು ಕಲ್ಲು ಕಟ್ಟಿದ ಕಂದಕವಲ್ಲ. ನೆಲದ ಬಂಡೆಯನ್ನೇ ಕಡಿದು, ನಡುನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿ ಮೂರು ಪದರಗಳಾಗಿ ನಿರ್ಮಿಸಿರುವುದು. ಒಳಭಾಗದಲ್ಲಿ ಸೋಲಾ ಕಂಬ ಮಸೀದಿ, ಗಗನ ಮಹಲ್, ತರ್ಕಶ್ ಮಹಲ್, ತಖ್ತ್ ಮಹಲ್ ಮುಂತಾದ ಕಟ್ಟಡಗಳಿವೆ. ಇವುಗಳ ಪೈಕಿ ತಪ್ಪದೇ ನೋಡತಕ್ಕದ್ದು ರಂಗೀನ್ ಮಹಲ್. ಗಾತ್ರದಲ್ಲಿ ಚಿಕ್ಕದಾದರೂ ಇಲ್ಲಿನ ಮರದ ಕಂಬಗಳ ಕೆತ್ತನೆ, ಬಣ್ಣದ ಹೆಂಚುಗಳು ಹಾಗೂ ಕಪ್ಪು ಕಲ್ಲಿನಲ್ಲಿ ಕೂಡಿಸಿರುವ ಮುತ್ತಿನ ಚಿಪ್ಪಿನ ಕುಸುರಿ ಬೇರೆಡೆ ಸುಲಭವಾಗಿ ಕಾಣಸಿಗುವುದಿಲ್ಲ. ಈ ಮಹಲಿಗೆ ಬೀಗ ಹಾಕಿರುವುದುಂಟು. ಆಗ ಮರಳಿ ಹೋಗದೆ, ಹಳೆಯ ಅರಮನೆಯ ಸ್ನಾನಗೃಹದಲ್ಲಿರುವ ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ವಿಚಾರಿಸುವುದು.

ಕೋಟೆಯಿಂದ ನಡೆದು ಬರುವಷ್ಟು ದೂರದಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನು 1472ರಲ್ಲಿ ಇದನ್ನು ಪೂರ್ಣಗೊಳಿಸಿದನು. ಮೂರು ಅಂತಸ್ತಿನ ಈ ವಿದ್ಯಾಲಯದಲ್ಲಿ ಉಪನ್ಯಾಸ ಕೊಠಡಿಗಳು, ಗ್ರಂಥಾಲಯ, ಮಸೀದಿ ಹಾಗೂ ವಿದ್ಯಾರ್ಥಿ ನಿಲಯ ಒಂದೇ ಸೂರಿನಡಿ ಇದ್ದವು. 1481ರಲ್ಲಿ ವಿರೋಧಿಗಳು ಹೂಡಿದ ಸಂಚಿನ ಫಲವಾಗಿ ಸುಲ್ತಾನನ ಆಜ್ಞೆಯಂತೆ ಗವಾನನ ಶಿರಚ್ಛೇದವಾಯಿತು. 17ನೇ ಶತಮಾನದ ಅಂತ್ಯದಲ್ಲಿ ನಡೆದ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವ ಹಾಗೂ ಎರಡು ಮಿನಾರುಗಳ ಪೈಕಿ ಒಂದು ನಾಶವಾದವು. ಉಳಿದಿರುವ ಮಿನಾರಿನ ನೀಲಿ, ಹಸಿರು ಹೆಂಚುಗಳನ್ನು ಬೆಳಗಿನ ಬಿಸಿಲಿನಲ್ಲಿ ನೋಡುವುದು ಉತ್ತಮ. ಮುಂದಿನ ರಸ್ತೆಯಲ್ಲೇ ನಗರದ ನಡುವಿನ ಗೋಪುರವಾದ ಚೌಬಾರ ಸಿಗುತ್ತದೆ.

ಬಿದರಿ ಕಲೆ: ಕೇವಲ ಖರೀದಿಗಲ್ಲ

ಯುವ ಪ್ರವಾಸಿಗರು ಹೆಚ್ಚಿನ ಸಮಯ ಮೀಸಲಿಡಬೇಕಾದದ್ದು ಬಿದರಿ ಕೆಲಸದ ಕಾರ್ಯಾಗಾರಗಳಿಗೆ. ಅಂಗಡಿಯ ಗಾಜಿನ ಕಪಾಟಿನಲ್ಲಿರುವ ಹೂದಾನಿಯನ್ನು ಕಂಡವರಿಗೆ ಈ ಕಲೆ ಅರ್ಥವಾಗುವುದಿಲ್ಲ. ಕೆಲಸ ನಡೆಯುವಲ್ಲಿ ಒಂದು ಗಂಟೆ ಕುಳಿತವರಿಗೆ ಮಾತ್ರ ಅರ್ಥವಾಗುತ್ತದೆ. ಹೆಚ್ಚಿನ ಪಾಲು ಸತು, ಅಲ್ಪ ಪ್ರಮಾಣದಲ್ಲಿ ತಾಮ್ರ ಬೆರೆಸಿದ ಮಿಶ್ರಲೋಹವನ್ನು ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯಲಾಗುತ್ತದೆ. ಅರದಿಂದ ಉಜ್ಜಿ ನಯಗೊಳಿಸಿದ ನಂತರ ಮೈಲುತುತ್ತದ ದ್ರಾವಣ ಲೇಪಿಸಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಉಳಿಯಿಂದ ಕೈಯಳತೆಯಲ್ಲಿಯೇ ಬಳ್ಳಿ, ಹೂವು, ರೇಖೆಗಳನ್ನು ಕೊರೆದು, ಕೊರೆದ ಜಾಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ.

ಈ ಹಂತದಲ್ಲಿ ಉಜ್ಜಿದಾಗ ಬೆಳ್ಳಿ ಮತ್ತು ಲೋಹ ಎರಡೂ ಒಂದೇ ಬಣ್ಣದಲ್ಲಿದ್ದು, ಚಿತ್ತಾರವು ಮರೆಯಾದಂತೆ ತೋರುತ್ತದೆ. ಕೊನೆಯಲ್ಲಿ ಪಾತ್ರೆಯನ್ನು ಹದವಾಗಿ ಕಾಯಿಸಿ, ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿ ತಿಕ್ಕುತ್ತಾರೆ. ಕೆಲವೇ ಕ್ಷಣಗಳಲ್ಲಿ ಸತುವಿನ ಮೈ ಅಚ್ಚ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಾದುದೇ ಎಂಬುದನ್ನು ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿ ರುಚಿ ನೋಡಿ ನಿರ್ಧರಿಸುವುದು ವಾಡಿಕೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ರಾಸಾಯನಿಕ ಕ್ರಿಯೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗಾಲಯ ಸಿಗಲಾರದು.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದ್ದು, ಬೀದರಿನ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿದೆ. ಆದಾಗ್ಯೂ ಬೆಳ್ಳಿಯ ಬೆಲೆ ಏರುತ್ತಿದೆ, ದಿನಗಟ್ಟಲೆಯ ಶ್ರಮಕ್ಕೆ ತಕ್ಕ ಆದಾಯವಿಲ್ಲ. ಆದುದರಿಂದ ಕುಶಲಕರ್ಮಿಗಳ ಮಕ್ಕಳು ಬೇರೆ ಉದ್ಯೋಗಗಳತ್ತ ಹೊರಳುತ್ತಿರುವುದೂ ವಾಸ್ತವ. ವಸ್ತುವಿನ ಬೆಲೆಯು ಅದರಲ್ಲಿನ ಬೆಳ್ಳಿಯ ತೂಕ ಹಾಗೂ ಕೆತ್ತನೆಗೆ ಹಿಡಿದ ಸಮಯವನ್ನು ಅವಲಂಬಿಸಿರುತ್ತದೆ. ಚೌಕಾಸಿ ಮಾಡುವ ಮುನ್ನ ಕೆಲಸವನ್ನು ಒಮ್ಮೆ ನೋಡುವುದು ಒಳಿತು. ಕಡಿಮೆ ಖರ್ಚಿನಲ್ಲಿ ನೆನಪಿಗಾಗಿ ಕೊಳ್ಳಬಯಸುವವರು ಕೀಲಿಗೊಂಚಲು, ಕಿವಿಯೋಲೆಯಂತಹ ಚಿಕ್ಕ ವಸ್ತುಗಳನ್ನು ವಿಚಾರಿಸಬಹುದು.

ನೀರಿನ ಜಾಡು

ಬೀದರಿನ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರಿಕೊಂಡು ಕೆಳಗಿನ ಗಟ್ಟಿ ಕಲ್ಲಿನ ಮೇಲೆ ಹಿಡಿದಿಡುತ್ತದೆ. ಇದನ್ನರಿತ ಬಹಮನಿ ಕಾಲದವರು ಇರಾನಿನ ಮಾದರಿಯಲ್ಲಿ ನೆಲದಡಿ ಸುರಂಗ ಕಾಲುವೆಗಳನ್ನು ತೋಡಿಸಿದರು. ಇವುಗಳಿಗೆ ಕರೇಜ್ ಎಂದು ಹೆಸರು. ನೌಬಾದ್ ಬಳಿಯ ಕರೇಜ್ 2 ಕಿ.ಮೀ.ಗೂ ಹೆಚ್ಚು ಉದ್ದವಿದ್ದು, ಉದ್ದಕ್ಕೂ ಗಾಳಿ ಬೆಳಕಿಗಾಗಿ ಬಾವಿಯಂತಹ ರಂಧ್ರಗಳಿವೆ. ಹೂಳಿನಿಂದ ಮುಚ್ಚಿಹೋಗಿದ್ದ ಭಾಗಗಳನ್ನು 2015ರ ಸುಮಾರಿಗೆ ತೆರವುಗೊಳಿಸುವ ಕಾರ್ಯ ಕೈಗೊಳ್ಳಲಾಯಿತು. ರಂಧ್ರಗಳಿಗೆ ಕಸ ಎಸೆಯಬಾರದು. ಒಂದು ಕಡೆ ಕಟ್ಟಿಕೊಂಡರೆ ಇಡೀ ಕಾಲುವೆಯ ನೀರು ನಿಲ್ಲುತ್ತದೆ.

ಇದೇ ಭೂಗುಣದ ಫಲವಾಗಿ ಚಿಮ್ಮುವ ಒರತೆಯೇ ಗುರುದ್ವಾರ ನಾನಕ್ ಝೀರಾ ಸಾಹೇಬದ ಅಮೃತಕುಂಡ. ಗುರುನಾನಕರು ಇಲ್ಲಿಗೆ ಭೇಟಿ ನೀಡಿದಾಗ ಈ ಸಿಹಿನೀರು ಹರಿಯಿತೆಂಬುದು ಭಕ್ತರ ನಂಬಿಕೆ. ಲಂಗರಿನಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ಉಚಿತ ಭೋಜನವಿರುತ್ತದೆ. ತಲೆಗೆ ವಸ್ತ್ರ ಧರಿಸತಕ್ಕದ್ದು. ಪಾತ್ರೆ ತೊಳೆಯುವ ಸೇವೆಯಲ್ಲಿ ಯುವಜನರು ಪಾಲ್ಗೊಳ್ಳಬಹುದು.

ಝರಣಿ ನರಸಿಂಹ ಕ್ಷೇತ್ರದಲ್ಲಿ ಗುಹೆಯೊಳಗೆ ಸೊಂಟದಿಂದ ಎದೆಯ ಮಟ್ಟದವರೆಗಿನ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯಬೇಕು. ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ಉಸಿರಾಟದ ತೊಂದರೆಯಿರುವವರು ಒಳಗೆ ಹೋಗದಿರುವುದು ಕ್ಷೇಮ. ಕೆಲವು ಸಂದರ್ಭಗಳಲ್ಲಿ ಪ್ರವೇಶ ನಿಲ್ಲಿಸಲಾಗುವುದರಿಂದ ಮುಂಚಿತವಾಗಿ ವಿಚಾರಿಸಿ ತೆರಳುವುದು. ಬದಲಿ ಉಡುಪು ಅವಶ್ಯಕ.

ಅಷ್ಟೂರು

ನಗರದ ಪೂರ್ವಕ್ಕಿರುವ ಅಷ್ಟೂರಿಗೆ ಸೈಕಲ್ಲಿನಲ್ಲಿ ಹೋಗಬಹುದು. ಬಹಮನಿ ಸುಲ್ತಾನರ ಗೋರಿಗಳು ಇಲ್ಲಿ ಸಾಲಾಗಿ ನಿಂತಿವೆ. ಹುಮಾಯೂನನ ಗೋರಿ ಸಿಡಿಲು ಬಡಿದು ಸೀಳಿಹೋಗಿರುವುದರಿಂದ ಗುಮ್ಮಟದ ಗೋಡೆ ಎಷ್ಟು ದಪ್ಪವಿತ್ತೆಂಬುದು ಹೊರಗಿನಿಂದಲೇ ಕಾಣುತ್ತದೆ. ಅಹ್ಮದ್ ಷಾನ ಗೋರಿಯೊಳಗಿನ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ. ಅಹ್ಮದ್ ಷಾನನ್ನು ಮುಸ್ಲಿಮರು ವಲಿ ಎಂದೂ, ಹಿಂದೂಗಳಲ್ಲಿ ಅನೇಕರು ಅಲ್ಲಮಪ್ರಭು ಎಂದೂ ಭಾವಿಸಿ ಪೂಜಿಸುತ್ತಾರೆ. ವಾರ್ಷಿಕ ಜಾತ್ರೆಗೆ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿಯಿದೆ.

ಸಾಮಾನ್ಯ ಸೂಚನೆಗಳು

ಸಂರಕ್ಷಿತ ಸ್ಮಾರಕಗಳ ಗೋಡೆಗಳ ಮೇಲೆ ಹೆಸರು ಕೆತ್ತುವುದು, ಬರೆಯುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದನ್ವಯ ಅಪರಾಧವಾಗಿದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕಕ್ಕೆ ಹಾನಿ ಉಂಟುಮಾಡುವವರಿಗೆ 2 ವರ್ಷಗಳವರೆಗೆ ಕಾರಾಗೃಹ ವಾಸ, 1 ಲಕ್ಷ ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೀದರಿನ ಕೋಟೆ ಮತ್ತು ಸ್ಮಾರಕಗಳು ದಖನ್ ಸುಲ್ತಾನರ ಕಾಲದ ಇತರ ಸ್ಮಾರಕಗಳೊಂದಿಗೆ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಒಮ್ಮೆ ಉದುರಿದ ಹೆಂಚಿಗೆ ಬದಲಿ ಹೆಂಚು ಇಂದು ಸಿಗುವುದಿಲ್ಲ. ಟ್ರೈಪಾಡ್ ಬಳಸಿ ಚಿತ್ರೀಕರಣ ಮಾಡುವವರು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು. ನಗರದಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಅಭ್ಯಾಸ ನಿರತ ವಿಮಾನಗಳನ್ನು ಕೋಟೆಯ ಬುರುಜಿನ ಮೇಲೆ ನಿಂತು ಕಣ್ತುಂಬ ನೋಡಬಹುದು. ಆದರೆ ನೆಲೆಯ ಛಾಯಾಚಿತ್ರ ತೆಗೆಯುವುದು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ನಿಷಿದ್ಧ.

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರವಾಸಕ್ಕೆ ಯೋಗ್ಯ. ಚಳಿಗಾಲದ ಮುಂಜಾನೆ ಇಲ್ಲಿ ಕೊರೆಯುವ ಚಳಿಯಿರುವುದರಿಂದ ಉಣ್ಣೆಯ ಉಡುಪು ತರುವುದು. ಈ ಅವಧಿಯಲ್ಲಿ ಬರುವ ಎಳ್ಳಮಾವಾಸ್ಯೆಯಂದು ಊರಿಗೆ ಊರೇ ಹೊಲಗಳಿಗೆ ತೆರಳುತ್ತದೆ. ಚರಗ ಚೆಲ್ಲಿದ ಮೇಲೆ ಭಜ್ಜಿ, ರೊಟ್ಟಿ, ಅಂಬಲಿಯ ಊಟಕ್ಕೆ ಅಪರಿಚಿತರನ್ನೂ ಕರೆದು ಕೂರಿಸುವುದು ಈ ಭಾಗದ ರೂಢಿ. ಅಂದು ನಗರದ ಅಂಗಡಿ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆಂಬುದನ್ನು ಗಮನದಲ್ಲಿಡುವುದು.

ಬೆಂಗಳೂರಿನಿಂದ ರೈಲು ಹಾಗೂ ರಾತ್ರಿ ಬಸ್ಸುಗಳ ಸೌಲಭ್ಯವಿದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪ್ರಾರಂಭವಾದ ನಂತರ ಕಲಬುರಗಿಯ ಮೂಲಕವೂ ಬರಬಹುದಾಗಿದೆ. ವಿದ್ಯಾರ್ಥಿಗಳು ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು.