ಯಾರ ಹಾಡು, ಯಾರ ಅಪ್ಪಣೆ

1890ರ ಮಾರ್ಚ್ ತಿಂಗಳಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಅಮೆರಿಕದ ವಿದ್ವಾಂಸನು, ಆಗ ಹೊಸದಾಗಿದ್ದ ಎಡಿಸನ್ ಫೋನೋಗ್ರಾಫ್ ಯಂತ್ರವು ಜನಜೀವನದ ಅಧ್ಯಯನಕ್ಕೆ ಎಷ್ಟರಮಟ್ಟಿಗೆ ಒದಗೀತೆಂಬುದನ್ನು ಪರೀಕ್ಷಿಸುವ ಕುತೂಹಲದಿಂದ, ಮೇನ್ ಸಂಸ್ಥಾನದ ಕ್ಯಾಲೆಸ್ ಎಂಬ ಊರಿಗೆ ಹೋಗಿ, ಪಾಸಮಕ್ವಾಡಿ ಎಂಬ ಮೂಲನಿವಾಸಿ ಜನರ ಹಾಡು, ಕಥೆ, ಮಾತುಗಳನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡನು. ಆ ಉರುಳೆಗಳು ಹಾರ್ವರ್ಡಿನ ಪೀಬಾಡಿ ವಸ್ತುಸಂಗ್ರಹಾಲಯದಲ್ಲಿ ಬಹುಕಾಲವಿದ್ದು, 1970ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸನ್ನು ಸೇರಿದವು. ಪಟ್ಟಿಗಳಲ್ಲಿ ಮೆರೆದುದು ಮುದ್ರಿಸಿಕೊಂಡವನ ಹೆಸರು. ಹಾಡಿದವರ ಸಂತತಿಗೆ ಆ ಧ್ವನಿಗಳ ವಿಷಯದಲ್ಲಿ ಕೇಳುವ ಬಾಯಿಯೇ ಇರಲಿಲ್ಲ.

ಇಂಥ ಸಂಗ್ರಹವೊಂದು ಗಣಕವನ್ನೇರಿ ಕ್ಷಣಮಾತ್ರದಲ್ಲಿ ಜಗತ್ತಿನ ಯಾವ ಮೂಲೆಗಾದರೂ ಹರಿದುಹೋಗಬಲ್ಲ ಈ ಕಾಲದಲ್ಲಿ, ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗೆ ಸ್ಕ್ಯಾನ್ ಮಾಡುವುದನ್ನೂ ಕಡತಗಳನ್ನು ಕಾಪಿಡುವುದನ್ನೂ ಕಲಿಸಿಬಿಟ್ಟರೆ ಸಾಕೆ? ಬೆಂಗಳೂರಿನಲ್ಲಿ 1962ರಲ್ಲಿ ದಾಖಲೆ ಶಾಸ್ತ್ರದ ತರಬೇತಿ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಗಳಿರುವುದು ಉಪಯೋಗಕ್ಕೆಂದು ಸೂತ್ರೀಕರಿಸಿದ್ದರು. ಬೀರುಗಳಿಗೆ ಬೀಗ ಜಡಿದು ಪುಸ್ತಕವನ್ನು ಓದುಗನಿಂದಲೇ ರಕ್ಷಿಸುತ್ತಿದ್ದ ಗ್ರಂಥಪಾಲರ ಕಾಲದಲ್ಲಿ ಅದು ಕ್ರಾಂತಿಕಾರಕ ವಚನವೇ ಸರಿ. ಆದರೆ ಲೇಖಕನು ಪ್ರಕಟಿಸಬೇಕೆಂದೇ ಬರೆದ ಗ್ರಂಥಕ್ಕೂ, ಯಾರೋ ಬಂದು ಕೇಳಿದಾಗ ಸೌಜನ್ಯಕ್ಕಾಗಿ ಹಾಡಿದ ಹಾಡಿಗೂ ಒಂದೇ ಸೂತ್ರವನ್ನು ಅನ್ವಯಿಸುವುದು ವಿವೇಕವೆನಿಸದು.

ಪಾಸಮಕ್ವಾಡಿಗಳ ವಿಷಯದಲ್ಲಿ ಮುಂದೆ ನಡೆದುದನ್ನು ತರಗತಿಯಲ್ಲಿ ವಿಸ್ತಾರವಾಗಿಯೇ ಹೇಳತಕ್ಕದ್ದು. 1979ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯೊಂದರ ಫಲವಾಗಿ ಧ್ವನಿಯ ಪ್ರತಿಗಳು ಕ್ಯಾಸೆಟ್ಟುಗಳಲ್ಲಿ ಆ ಜನರ ಊರಿಗೆ ಮರಳಿದವು. ಅನಂತರ ಉತ್ತಮ ತಂತ್ರದಿಂದ ಮತ್ತೆ ಶುದ್ಧೀಕರಿಸಲ್ಪಟ್ಟು, ಹಿರಿಯರು ಕುಳಿತು ಕೇಳಿ ತಮ್ಮ ಭಾಷೆಯ ಹೆಸರುಗಳನ್ನೂ ವಿವರಣೆಗಳನ್ನೂ ಕೊಟ್ಟ ಮೇಲೆ, 2018ರಲ್ಲಿ ಗ್ರಂಥಾಲಯದ ಸೂಚಿಯಲ್ಲಿಯೇ ಅವು ಸ್ಥಾನ ಪಡೆದವು. ಹಾಡು ಯಾರದೆಂದು ಹೇಳಬೇಕು, ಮಾರತಕ್ಕುದಲ್ಲ ಎಂಬಂಥ ಪಾರಂಪರಿಕ ಜ್ಞಾನದ ಚೀಟಿಗಳೂ ಜೊತೆಗೆ ಬಂದವು. ಈ ಚೀಟಿಗಳಿಗೆ ನ್ಯಾಯಾಲಯದ ಬಲವಿಲ್ಲ, ಮರ್ಯಾದೆಯ ಬಲ ಮಾತ್ರ ಉಂಟು. ಜನಾಂಗವು ತನ್ನದೇ ಜಾಲತಾಣಕ್ಕೆ ಬಳಸಿದ ಮುಕುರ್ತು ಎಂಬ ತಂತ್ರಾಂಶವು ಆಸ್ಟ್ರೇಲಿಯದ ವಾರುಮುಂಗು ಜನರ ಅಗತ್ಯದಿಂದ ಹುಟ್ಟಿದ್ದು. ಯಾವುದನ್ನು ಯಾರು ನೋಡಬಹುದು, ಯಾರು ನೋಡಕೂಡದು ಎಂಬ ಆ ಜನರ ಕಟ್ಟಳೆಯನ್ನೇ ಅದು ಯಂತ್ರಕ್ಕೆ ಕಲಿಸಿತು.

ಅಪ್ಪಣೆಯ ಪ್ರಶ್ನೆಯಂತೆಯೇ ಹೆಸರಿಸುವ ಪ್ರಶ್ನೆಯೂ ಇದೆ. 1876ರಲ್ಲಿ ಪ್ರಕಟವಾದ ಡ್ಯೂಯಿಯ ಗ್ರಂಥ ವರ್ಗೀಕರಣವು ಧರ್ಮದ ವಿಭಾಗದ ಬಹುಪಾಲನ್ನು ಕ್ರೈಸ್ತಮತಕ್ಕೆ ಮೀಸಲಿಟ್ಟು, ಹಿಂದೂ, ಬೌದ್ಧ, ಇಸ್ಲಾಂ ಮೊದಲಾದವನ್ನೆಲ್ಲ 290ರ ಸಂಖ್ಯೆಗಳಲ್ಲಿ ಇಕ್ಕಟ್ಟಾಗಿ ಕೂರಿಸಿತೆಂಬುದು ಪ್ರಸಿದ್ಧವೇ ಆಗಿದೆ. ನಮ್ಮಲ್ಲಿಯೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯು ಸಾವಿರಾರು ಕನ್ನಡ ಗ್ರಂಥಗಳನ್ನು ಗಣಕಕ್ಕೇರಿಸಿ ಮಹೋಪಕಾರ ಮಾಡಿದ್ದು ದಿಟವಾದರೂ, ಅವುಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಅದೂ ಗುರುತು ಸಿಗದಷ್ಟು ತಪ್ಪುಗಳೊಡನೆ, ದಾಖಲಿಸಿದ್ದರಿಂದ, ಕನ್ನಡದಲ್ಲಿಯೇ ಹುಡುಕುವ ಕನ್ನಡಿಗನಿಗೆ ಎದುರಿಗಿದ್ದ ಪುಸ್ತಕವೂ ಇಲ್ಲದಂತಾಯಿತು. ಸಂಚಯ ಎಂಬ ಕನ್ನಡ ಬಳಗದ ಸ್ವಯಂಸೇವಕರು ಆ ಶೀರ್ಷಿಕೆಗಳನ್ನು ಕನ್ನಡ ಲಿಪಿಗೆ ತಂದ ಮೇಲಷ್ಟೆ ಹುಡುಕುವವರ ಕಷ್ಟ ತಗ್ಗಿತು. ಮುಚ್ಚಿಡಬೇಕಾದುದನ್ನು ತೆರೆಯುವುದೂ, ತೆರೆದಿಟ್ಟುದನ್ನು ಕಾಣದಂತೆ ಮಾಡುವುದೂ ಯಂತ್ರದ ದೋಷವಲ್ಲ, ಯಂತ್ರದ ಮುಂದೆ ಕುಳಿತವನ ಶಿಕ್ಷಣದ ದೋಷ.

ಪರೀಕ್ಷೆಗೆ ನೀತಿಸಂಹಿತೆಯನ್ನು ಬಾಯಿಪಾಠ ಮಾಡಿಸಿದರೆ ಈ ಶಿಕ್ಷಣ ಲಭಿಸದು. ವಿದ್ಯಾರ್ಥಿಯ ಕೈಗೆ ಒಂದು ಹಳೆಯ ಧ್ವನಿಸುರುಳಿಯನ್ನೋ ಒಂದು ಮನೆತನದ ಪತ್ರಗಳ ಕಟ್ಟನ್ನೋ ಕೊಟ್ಟು, ಇದನ್ನು ಜಾಲಕ್ಕೇರಿಸಬಹುದೆ, ಯಾರನ್ನು ಕೇಳಬೇಕು, ಯಾವ ಹೆಸರಿನಿಂದ ಕರೆಯಬೇಕೆಂದು ವಾದಿಸಲು ಬಿಡಬೇಕು. ಏರಿಸಕೂಡದೆಂಬ ಉತ್ತರಕ್ಕೂ ಪೂರ್ಣ ಅಂಕ ದೊರೆಯಬೇಕು.

ನಮ್ಮ ಜಾನಪದ ಸಂಗ್ರಾಹಕರ ಮನೆಗಳಲ್ಲಿ ಹಾಡುಗಾರ್ತಿಯರ ಧ್ವನಿಗಳು ಕ್ಯಾಸೆಟ್ಟುಗಳಲ್ಲಿ ಉಳಿದಿರುವುದುಂಟು. ಅಂಥವು ತಮ್ಮಲ್ಲಿದ್ದರೆ, ಯಾರಿಗಾದರೂ ಕೊಡುವ ಮುನ್ನ ಹಾಡಿದವರ ಹೆಸರು, ಊರು, ಅವರು ಕೊಟ್ಟ ಅಪ್ಪಣೆ ಎಷ್ಟರದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಬೇಕೆಂದು ವಾಚಕರಲ್ಲಿ ವಿನಂತಿ.