ಹಿತ್ತಲಿನ ಹೆಗ್ಗಣಕ್ಕೆ ಎಂಥ ಬಂದೂಕು?

ಸುಗ್ಗಿ ಮುಗಿದು ಜೋಳ, ತೊಗರಿಗಳು ಮನೆ ಸೇರಿದ ಮೇಲೂ ರೈತನ ಕಾವಲು ಮುಗಿಯುವುದಿಲ್ಲ. ಹೊಲದಲ್ಲಿದ್ದಾಗ ಗಿಳಿ, ಹಂದಿ, ಜಿಂಕೆಗಳ ಕಾಟ. ಮನೆಗೆ ಬಂದ ಮೇಲೆ ಇಲಿ, ಹೆಗ್ಗಣಗಳ ಕಾಟ. ದಾಮರಗಿದ್ದದ ಕಡೆ ನಾವು ಹೆಗ್ಗಣವೆಂದು ಕರೆಯುವುದನ್ನು ತೆಲುಗಿನವರು ಪಂದಿಕೊಕ್ಕು, ಅಂದರೆ ಹಂದಿಯಂಥ ಇಲಿ, ಎನ್ನುತ್ತಾರೆ. ಇಂಗ್ಲಿಷಿನ ಬ್ಯಾಂಡಿಕೂಟ್ ಎಂಬ ಹೆಸರು ಈ ತೆಲುಗು ಮಾತಿನಿಂದಲೇ ಹುಟ್ಟಿದ್ದು. ದೊಡ್ಡ ಜಾತಿಯ ಹೆಗ್ಗಣ ಒಂದು ಕಿಲೋದವರೆಗೂ ತೂಗುವುದುಂಟು. ಗೋಡೆಯ ಬುಡ ಕೊರೆದು, ಕಾಳಿನ ಚೀಲ ಹರಿದು, ಕೋಳಿಮರಿಯನ್ನೂ ಎಳೆದೊಯ್ಯುವ ಪ್ರಾಣಿ ಇದು.

ವಿಷವಿಡಲು ಮನೆಯವರಿಗೆ ಅಂಜಿಕೆ. ಕೋಳಿ, ಬೆಕ್ಕು, ಅಂಬೆಗಾಲಿಡುವ ಕೂಸು ಎಲ್ಲವೂ ಅದೇ ಹಿತ್ತಲಿನಲ್ಲಿ ತಿರುಗುತ್ತವೆ. ಒಮ್ಮೆ ಬೋನು ಕಂಡ ಹೆಗ್ಗಣ ಎರಡನೆಯ ಸಲ ಅದರತ್ತ ಸುಳಿಯುವುದಿಲ್ಲ. ಆದುದರಿಂದ “ಅಗ್ಗದ, ಸದ್ದಾಗದ ಸಣ್ಣ ಬಂದೂಕೊಂದನ್ನು ಕೊಂಡರೆ ಹೇಗೆ?” ಎಂಬ ಪ್ರಶ್ನೆ ಕಟ್ಟೆಯ ಮೇಲೆ ಕೇಳಿಬರುವುದು ಸಹಜ. ಇದಕ್ಕೆ ಉತ್ತರ ಹೇಳುವಾಗ ದುಡ್ಡಿನ ಲೆಕ್ಕ, ಕಾಯ್ದೆಯ ಲೆಕ್ಕ, ನೆರೆಮನೆಯ ಮಗುವಿನ ಕಣ್ಣಿನ ಲೆಕ್ಕ, ಈ ಮೂರನ್ನೂ ಹಾಕಬೇಕಾಗುತ್ತದೆ.

ಎರಡು ಜಾತಿಯ ಸಣ್ಣ ಬಂದೂಕು

ಸಣ್ಣ ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮದ್ದು ತುಂಬಿದ ತೋಟೆ ಹಾಕುವ .22 ರೈಫಲ್. ಇನ್ನೊಂದು, ಗಾಳಿಯ ಒತ್ತಡದಿಂದ ಸೀಸದ ಪುಟ್ಟ ಗುಂಡನ್ನು ಹಾರಿಸುವ ಏರ್‌ಗನ್. ಈ ಎರಡನೆಯದರ ನಳಿಗೆಯ ಒಳ ಅಗಲ ಸಾಮಾನ್ಯವಾಗಿ .177 ಅಂಗುಲ, ಎಂದರೆ 4.5 ಮಿಲಿಮೀಟರು.

.22 ತೋಟೆಯ ಗುಂಡು ಸುಮಾರು ಎರಡೂವರೆ ಗ್ರಾಮು ತೂಗುತ್ತದೆ. ಅದು ಸೆಕೆಂಡಿಗೆ 330 ಮೀಟರು ವೇಗದಲ್ಲಿ ಹೊರಟರೆ ಅದರ ಬಲ ಸುಮಾರು 140 ಜೂಲ್ ಆಗುತ್ತದೆ. ಏರ್‌ಗನ್ನಿನ ಗುಂಡು ಅರ್ಧ ಗ್ರಾಮಿನದು; ಸೆಕೆಂಡಿಗೆ 240 ಮೀಟರಿನಂತೆ ಹೊರಟರೆ ಅದರ ಬಲ ಸುಮಾರು 15 ಜೂಲ್. ಒಂದಕ್ಕೊಂದು ಒಂಬತ್ತು ಪಟ್ಟು ಅಂತರ. ಗುರಿ ತಪ್ಪಿದ .22 ಗುಂಡು ಒಂದು ಮೈಲಿಯಷ್ಟು ದೂರ ಹೋಗಿ ಬೀಳಬಲ್ಲುದು. ಒಂದರ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿರುವ ನಮ್ಮ ಊರುಗಳ ಹಿತ್ತಲಿಗೆ ಇದು ಹೇಳಿಸಿದ ಆಯುಧವಲ್ಲ.

ಸದ್ದಿನ ಮಾತೂ ಹೀಗೆಯೇ. ಮದ್ದಿನ ಬಂದೂಕಿನಲ್ಲಿ ಉರಿದ ಅನಿಲ ನಳಿಗೆಯಿಂದ ಒಮ್ಮೆಲೇ ಹೊರನುಗ್ಗುವುದರಿಂದ ಢಮ್ಮೆಂಬ ಸದ್ದಾಗುತ್ತದೆ. ಗುಂಡು ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರಿದರೆ ಚಾಟಿ ಹೊಡೆದಂಥ ಇನ್ನೊಂದು ಸದ್ದು ಕೂಡಿಕೊಳ್ಳುತ್ತದೆ. ಏರ್‌ಗನ್ನಿನಲ್ಲಿ ಮದ್ದಿಲ್ಲ, ಒಳಗಿನ ಸ್ಪ್ರಿಂಗು ಹಾರುವ ‘ಟಪ್’ ಎಂಬ ಸದ್ದು ಮಾತ್ರ. ಮಲಗಿದ ದನ ಏಳದು, ನೆರೆಯವರ ನಿದ್ದೆ ಕೆಡದು. .22 ರೈಫಲಿಗೆ ಸೈಲೆನ್ಸರ್ ಹಾಕಿಸಿದರಾಯಿತು ಎಂದು ಸಲಹೆ ಕೊಡುವವರೂ ಇದ್ದಾರೆ. 1959ರ ಆಯುಧ ಕಾಯ್ದೆಯ ಪ್ರಕಾರ ಸದ್ದು ತಗ್ಗಿಸುವ ಆ ಉಪಕರಣವೂ ಬಂದೂಕಿನ ಲೆಕ್ಕಕ್ಕೇ ಸೇರುತ್ತದೆ. ಅಂಥ ಸಲಹೆಗೆ ಕಿವಿಗೊಡಬಾರದು.

ಕಾಯ್ದೆ ಏನು ಹೇಳುತ್ತದೆ?

.22 ರೈಫಲಿಗೆ ಪರವಾನಗಿ ಬೇಕೇ ಬೇಕು. ಪರವಾನಗಿಗೆ ಕಲೆಕ್ಟರ ಕಚೇರಿಗೆ ಅರ್ಜಿ, ಪೊಲೀಸರ ವಿಚಾರಣೆ, ಕಾಲಕಾಲಕ್ಕೆ ನವೀಕರಣ ಇವೆಲ್ಲ ಆಗಬೇಕು. ಬೆಳೆ ಕಾಯುವುದಕ್ಕೆಂದು ಆಯುಧ ಕಾಯ್ದೆಯ 13ನೆಯ ಕಲಮು ಹೆಸರಿಸಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು, ರೈಫಲನ್ನಲ್ಲ. ಇಲಿ ಹೊಡೆಯಲೆಂದು ಇಷ್ಟು ಖರ್ಚು, ಅಲೆದಾಟ ಮಾಡುವುದು ಎಮ್ಮೆ ಮಾರಿ ಹಗ್ಗ ಕೊಂಡಂತೆಯೇ ಸರಿ.

“ಕೊಡಗಿನವರು ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುತ್ತಾರಲ್ಲ?” ಎಂದು ಕೇಳಬಹುದು. ಆ ವಿನಾಯಿತಿ ಕೊಡವ ಜನಾಂಗದವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಮಾತ್ರ ಉಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಗಡಿಯ ಈಚೆ ಆಚೆ ಇರುವ ನಮಗೆ ಅದು ಅನ್ವಯಿಸುವುದಿಲ್ಲ.

ಏರ್‌ಗನ್ನಿನ ವಿಷಯದಲ್ಲಿ 2016ರ ಆಯುಧ ನಿಯಮಗಳು ಎರಡು ಗೆರೆ ಎಳೆದಿವೆ. ಬಲ 20 ಜೂಲಿಗಿಂತ ಹೆಚ್ಚಿರಬಾರದು. ನಳಿಗೆಯ ಅಗಲ 4.5 ಮಿಲಿಮೀಟರು ದಾಟಬಾರದು. ಈ ಎರಡರ ಒಳಗಿದ್ದರೆ ಪರವಾನಗಿ ಬೇಡ. ಎರಡರಲ್ಲಿ ಯಾವುದೊಂದು ಮೀರಿದರೂ ಬೇಕು. ಆದುದರಿಂದ 5.5 ಮಿಲಿಮೀಟರಿನ ಏರ್‌ಗನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಅದು ಹಿರಿಯರ ಕಾಲದ್ದೇ ಆದರೂ, ನಿಶ್ಚಿಂತೆಯಿಂದ ಎತ್ತಿಕೊಳ್ಳುವಂತಿಲ್ಲ.

ಯಾವುದಕ್ಕೆ ಗುರಿ ಇಡಬಹುದು?

ಬಂದೂಕಿಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಕಂಡ ಪ್ರಾಣಿಗೆಲ್ಲ ಗುರಿ ಇಡಬಹುದೆಂದು ಅರ್ಥವಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು 2022ರಲ್ಲಿ ತಿದ್ದಿ, ಆ ತಿದ್ದುಪಡಿಯನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ತಂದರು. ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಿ ಪ್ರಾಣಿಗಳೆಂದು ಎಣಿಸುತ್ತಿದ್ದ ಹಳೆಯ ಐದನೆಯ ಅನುಸೂಚಿ ಆಗ ಹೋಯಿತು. ಅದನ್ನು ನೆನಪಿನಲ್ಲಿಟ್ಟುಕೊಂಡು ಕಾಗೆ, ಬಾವಲಿಗಳಿಗೆ ಇಂದು ಗುರಿ ಇಡಬಾರದು. ಮನೆಯ ಇಲಿಗೂ ಹೆಗ್ಗಣಕ್ಕೂ ಮಾತ್ರ ಕಾಯ್ದೆಯ ರಕ್ಷಣೆ ಇಲ್ಲ.

ಜೋಳದ ತೆನೆ ಕಡಿಯುವ ಗಿಳಿ, ಬಿತ್ತಿದ ಕಾಳು ಹೆಕ್ಕುವ ನವಿಲು, ಮಕ್ತಲ, ಕೃಷ್ಣಾ ಕಡೆಯ ಹೊಲಗಳಿಗೆ ಹಿಂಡುಗಟ್ಟಿ ಇಳಿಯುವ ಜಿಂಕೆ, ತೊಗರಿ ಶೇಂಗಾ ಕೆದರುವ ಕಾಡುಹಂದಿ, ಇವೆಲ್ಲವೂ ರಕ್ಷಿತ ಪ್ರಾಣಿಗಳು. ಜಿಂಕೆಯೂ ನವಿಲೂ ಒಂದನೆಯ ಅನುಸೂಚಿಯವು. ಅವನ್ನು ಕೊಂದವನಿಗೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆಳೆ ಹಾಳಾದಾಗ ರೈತನ ಹೊಟ್ಟೆ ಉರಿಯುವುದು ನಮಗೆ ತಿಳಿಯದ್ದಲ್ಲ. ಆದರೆ ಅದರ ದಾರಿ ಅರಣ್ಯ ಇಲಾಖೆಯ ಮೂಲಕವೇ ಹೋಗಬೇಕು. ಹಂದಿಯಂಥ ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯವಾದಾಗ ಅದನ್ನು ಕೊಲ್ಲಲು ಲಿಖಿತ ಅಪ್ಪಣೆ ಕೊಡುವ ಅಧಿಕಾರವನ್ನು ಕಾಯ್ದೆಯ 11ನೆಯ ಕಲಮು ಅಧಿಕಾರಿಗಳಿಗೆ ಕೊಟ್ಟಿದೆ. ಅಪ್ಪಣೆ ಸಿಕ್ಕರೂ ಆ ಕೆಲಸ ಏರ್‌ಗನ್ನಿನದಲ್ಲ. 15 ಜೂಲಿನ ಗುಂಡು ಹಂದಿಗೆ ಗಾಯ ಮಾಡಿ ಕೆರಳಿಸುವುದೇ ಹೊರತು ಕೊಲ್ಲುವುದಿಲ್ಲ.

ಬೀದಿನಾಯಿಯ ಮೇಲೆ ಬಂದೂಕು ಎತ್ತುವುದೂ ಅಪರಾಧವೇ. 2024ರ ಫೆಬ್ರವರಿಯಲ್ಲಿ ಮಹಬೂಬನಗರ ಜಿಲ್ಲೆಯ ಪೊನ್ನಕಲ್ ಗ್ರಾಮದಲ್ಲಿ ಸುಮಾರು 20 ನಾಯಿಗಳನ್ನು ಗುಂಡಿಟ್ಟು ಕೊಂದವರನ್ನು ಪೊಲೀಸರು ಹುಡುಕಿ ಹಿಡಿದದ್ದು ನೆನಪಿರಲಿ. ದೂರದ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ನುಗಳಿಂದ ಕಾಡಿನ ಹಕ್ಕಿಗಳು ಕರಗುತ್ತ ಬಂದದ್ದನ್ನು ಕಂಡು, 2021ರ ಮಾರ್ಚಿನಲ್ಲಿ ಜನರಿಂದ ಅವನ್ನು ಹಿಂದಕ್ಕೆ ಪಡೆಯುವ ಅಭಿಯಾನವನ್ನೇ ಆರಂಭಿಸಬೇಕಾಯಿತು. ಸಣ್ಣ ಬಂದೂಕೆಂದು ಅಸಡ್ಡೆ ಮಾಡುವಂತಿಲ್ಲ.

ಕೊಳ್ಳುವಾಗ ನೋಡತಕ್ಕದ್ದು

ನಳಿಗೆಯನ್ನು ಮಡಚಿ ಸ್ಪ್ರಿಂಗು ಏರಿಸುವ ಸಾದಾ ಏರ್‌ಗನ್ನೇ ಬಡವನಿಗೆ ಒಪ್ಪುವಂಥದು. ಮೊದಲೇ ಗಾಳಿ ತುಂಬಿಡುವ ಬಗೆಯ ಬಂದೂಕು ಗುರಿಗೆ ಒಳ್ಳೆಯದಾದರೂ ಬೆಲೆ ಹೆಚ್ಚು. ಅದರ ಪಂಪಿಗೆ ಬೇರೆ ದುಡ್ಡು ತೆರಬೇಕು. ಅಂಗಡಿಯಲ್ಲಿ ಕೆಳಗಿನ ಸಂಗತಿಗಳನ್ನು ಪರೀಕ್ಷಿಸಿರಿ.

ಒಂದು: ಬಂದೂಕು ಖಾಲಿಯಿದೆಯೆಂದು ಅಂಗಡಿಯವನಿಂದ ಖಚಿತ ಮಾಡಿಕೊಂಡು, ನಳಿಗೆ ಮಡಚಿಸಿ ಬೆಳಕಿಗೆ ಹಿಡಿದು ನೋಡಿರಿ. ಒಳಗೆ ಸುರುಳಿಯಾಗಿ ಗೀರುಗಳಿರಬೇಕು. ರೈಫಲ್ ಎಂಬ ಹೆಸರು ಬಂದದ್ದೇ ಈ ಗೀರುಗಳಿಂದ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುವುದು ಇವುಗಳಿಂದಲೇ. ಗೀರಿಲ್ಲದ ನುಣುಪು ನಳಿಗೆ ಎಷ್ಟು ಅಗ್ಗವಾದರೂ ಬೇಡ.

ಎರಡು: ನಳಿಗೆಯನ್ನು ಮುಚ್ಚಿ ಅಲುಗಾಡಿಸಿರಿ. ಸಂದಿನಲ್ಲಿ ಅಲುಗಾಟವಿದ್ದರೆ ಗುರಿ ದಿನಕ್ಕೊಂದು ಕಡೆ ಹೋಗುತ್ತದೆ.

ಮೂರು: ತಯಾರಕರ ಕಾಗದದಲ್ಲಿ ಬಲ ಎಷ್ಟು ಜೂಲ್ ಎಂದು ನಮೂದಾಗಿರಬೇಕು. ವೇಗವನ್ನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದರೆ ಮರುಳಾಗಬೇಡಿರಿ. ತೀರ ಹಗುರಾದ ಗುಂಡು ಹಾಕಿ ಅಂಥ ವೇಗ ತೋರಿಸುವುದುಂಟು. ಆ ವೇಗದಲ್ಲಿ ಸದ್ದು ಹೆಚ್ಚು, ಗುರಿ ಕಡಿಮೆ. ಹಿತ್ತಲಿಗೆ ಅರ್ಧ ಗ್ರಾಮಿನ ಸೀಸದ ಗುಂಡೂ ಮಧ್ಯಮ ವೇಗವೂ ಸಾಕು.

ನಾಲ್ಕು: ಅಗ್ಗದ ದುರ್ಬೀನಿಗೆ ಹಣ ಸುರಿಯಬೇಡಿರಿ. ಸ್ಪ್ರಿಂಗು ಬಂದೂಕು ಹಿಂದಕ್ಕೂ ಮುಂದಕ್ಕೂ ಎರಡು ಸಲ ಜಗ್ಗುವುದರಿಂದ ಅಂಥ ದುರ್ಬೀನು ಬೇಗ ಕೆಡುತ್ತದೆ. ಹತ್ತು ಹನ್ನೆರಡು ಮೀಟರಿಗೆ ನಳಿಗೆಯ ಮೇಲಿನ ಗುರಿಗುಬ್ಬಿಯೇ ಸಾಕು. ಉಳಿದ ಹಣದಲ್ಲಿ ಎರಡು ಮೂರು ಬಗೆಯ ಗುಂಡುಗಳ ಡಬ್ಬಿ ಕೊಂಡು, ನಿಮ್ಮ ಬಂದೂಕಿಗೆ ಒಪ್ಪುವುದು ಯಾವುದೆಂದು ನೋಡಿರಿ.

ಐದು: ರಸೀದಿಯನ್ನೂ ಬಲ ನಮೂದಿಸಿದ ಕಾಗದವನ್ನೂ ಜೋಪಾನವಾಗಿಡಿರಿ. ನಾಳೆ ಯಾರಾದರೂ ಕೇಳಿದರೆ ಅವೇ ನಿಮ್ಮ ಸಾಕ್ಷಿ.

ಹಿತ್ತಲಿನಲ್ಲಿ ಬಳಸುವ ಕ್ರಮ

ಮೊದಲು ಗುಂಡು ನಿಲ್ಲುವ ಜಾಗ ಕಟ್ಟಬೇಕು. ಮಣ್ಣಿನ ಗೋಡೆ ಗುಂಡನ್ನು ನುಂಗುತ್ತದೆ; ಶಹಾಬಾದ್ ಕಲ್ಲು ಅದನ್ನು ತಿರುಗಿಸಿ ಒಗೆಯುತ್ತದೆ. ನಮ್ಮ ಅಂಗಳಗಳಲ್ಲಿ ಈ ಹಾಸುಗಲ್ಲು ಬಹಳ. ಆದುದರಿಂದ ಹೆಗ್ಗಣ ಓಡಾಡುವ ದಾರಿಯ ಹಿಂದೆ ಮಣ್ಣು ತುಂಬಿದ ಎರಡು ಚೀಲ ನಿಲ್ಲಿಸಿ, ಅದರ ಮುಂದೆ ಕಾಳು ಚೆಲ್ಲಿ, ಅಲ್ಲಿಗೆ ಬಂದುದಕ್ಕೆ ಮಾತ್ರ ಗುರಿ ಇಡಿರಿ. ಗೋಡೆಯ ಮೇಲೆ, ಬಣವೆಯ ತುದಿಯಲ್ಲಿ, ಮರದಲ್ಲಿ ಕಂಡುದಕ್ಕೆ ಬೇಡ. ತಪ್ಪಿದ ಗುಂಡು ನೂರಾರು ಮೀಟರು ಹೋಗುತ್ತದೆ. ಮಗುವಿನ ಕಣ್ಣು ತೆಗೆಯಲು ಅದರ ಬಲ ಸಾಕು. ಹುಡುಗರ ಕೈಗೆ ಬಂದೂಕು ಸಿಗಬಾರದು. ಬಂದೂಕನ್ನು ಬೀಗದಲ್ಲಿಯೂ ಗುಂಡನ್ನು ಬೇರೆಡೆಯಲ್ಲಿಯೂ ಇಡತಕ್ಕದ್ದು.

ಹತ್ತು ಮೀಟರಿನಿಂದ ಹೊಡೆದ ಐದು ಗುಂಡುಗಳೂ ಒಂದು ರೂಪಾಯಿ ನಾಣ್ಯದೊಳಗೆ ಬೀಳುವವರೆಗೆ ಕಾಗದದ ಮೇಲೆ ಅಭ್ಯಾಸ ಮಾಡಿರಿ. ಹೆಗ್ಗಣದ ತಲೆಗೆ ತಗುಲಿದರೆ ಅದು ಅಲ್ಲಿಯೇ ಸಾಯುತ್ತದೆ. ಹೊಟ್ಟೆಗೆ ತಗುಲಿದರೆ ಬಿಲ ಸೇರಿ ನರಳಿ ಸತ್ತು ನಾರುತ್ತದೆ. ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದರೂ ಹಿಂಸಿಸಿ ಕೊಲ್ಲಬಾರದು. ಸ್ಪ್ರಿಂಗು ಬಂದೂಕನ್ನು ಬಿಗಿಹಿಡಿಯದೆ, ಗಟ್ಟಿ ಕಟ್ಟೆಗೆ ಒರಗಿಸದೆ, ಅಂಗೈಯ ಮೇಲೆ ಹಗುರವಾಗಿ ಮಲಗಿಸಿ ಕುದುರೆ ಎಳೆದರೆ ಗುರಿ ಕೂಡುತ್ತದೆ. ಗುಂಡಿಲ್ಲದೆ ಬರಿದೇ ಹಾರಿಸಿದರೆ ಒಳಗಿನ ಭಾಗ ಒಡೆಯುತ್ತದೆ. ಬ್ಯಾಟರಿಗೆ ಕೆಂಪು ಕಾಗದ ಕಟ್ಟಿಕೊಂಡರೆ ಒಳ್ಳೆಯದು. ಇಲಿಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ.

ಸತ್ತ ಹೆಗ್ಗಣವನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಿರಿ. ಇಲಿಜ್ವರದ ಭಯ ಒಂದು. ಒಳಗಿನ ಸೀಸ ಹದ್ದು, ಗೂಬೆಗಳ ಹೊಟ್ಟೆ ಸೇರಬಾರದೆಂಬುದು ಇನ್ನೊಂದು. ಗೂಬೆಯೂ ಕೇರೆಹಾವೂ ನಮಗಿಂತ ಹೆಚ್ಚು ಇಲಿ ಹಿಡಿಯುತ್ತವೆ. ಅವುಗಳ ತಂಟೆಗೆ ಹೋಗಬಾರದು.

ಬಂದೂಕಿಗಿಂತ ಮೊದಲು

ಇಲಿಯ ಗರ್ಭ ಮೂರು ವಾರದ್ದು. ಒಂದು ಸೂಲಿಗೆ ಆರೆಂಟು ಮರಿ. ರಾತ್ರಿಯೆಲ್ಲ ಕಾದು ಎರಡು ಹೊಡೆದರೆ ಬಿಲದಲ್ಲಿ ಎಂಟು ಹುಟ್ಟಿರುತ್ತವೆ. ಉಣ್ಣಲು ಕಾಳು, ಇರಲು ಸಂದು ಸಿಗುತ್ತಿರುವ ತನಕ ಯಾವ ಬಂದೂಕೂ ಇವುಗಳ ಸಂಖ್ಯೆಯನ್ನು ಇಳಿಸಲಾರದು. ಆದುದರಿಂದ ಕಾಳಿನ ಚೀಲಗಳನ್ನು ನೆಲಕ್ಕಿಡದೆ ಮೂರು ಅಡಿ ಎತ್ತರದ ಅಟ್ಟಣೆಯ ಮೇಲಿಟ್ಟು, ಅದರ ಕಾಲುಗಳಿಗೆ ತಗಡಿನ ಕೊಡೆ ತೊಡಿಸಿರಿ. ಸಾಧ್ಯವಿದ್ದವರು ತಗಡಿನ ಕಣಜ ಮಾಡಿಸಿರಿ. ಬಾಗಿಲ ಕೆಳಗಿನ ಸಂದಿಗೆ ತಗಡು ಬಡಿಯಿರಿ. ಬೆರಳು ತೂರುವ ಸಂದಿದ್ದರೆ ಇಲಿಮರಿ ತೂರುತ್ತದೆ. ಬಿಲಗಳನ್ನು ಗಾಜಿನ ಚೂರು, ಸಿಮೆಂಟು ಕೂಡಿಸಿ ಮುಚ್ಚಿರಿ. ಬಣವೆಯನ್ನೂ ಕಟ್ಟಿಗೆಯ ರಾಶಿಯನ್ನೂ ಗೋಡೆಗೆ ಒತ್ತಿ ಒಟ್ಟಬೇಡಿರಿ.

ಇಷ್ಟು ಮಾಡಿದ ಮೇಲೆಯೂ ಉಳಿಯುವ ಒಂದೆರಡು ಹಟಮಾರಿ ಹೆಗ್ಗಣಗಳಿಗೆ 4.5 ಮಿಲಿಮೀಟರಿನ ಸಾದಾ ಏರ್‌ಗನ್ ತಕ್ಕ ಉಪಾಯ. ಅದನ್ನೂ ಕೊಳ್ಳದೆ ಕಾಳು ಉಳಿದರೆ ಮತ್ತೂ ಒಳ್ಳೆಯದು. ದುಡ್ಡು ಕೈಯಲ್ಲಿದ್ದರೆ ಮೊದಲು ತಗಡಿಗೆ ಕೊಡಿರಿ, ಆಮೇಲೆ ಬಂದೂಕಿಗೆ.