ಮಾವನ ನಡಿಗೆಗೆ ಹೊಂದುವ ಮಷೀನು

ಗ್ಯಾರೇಜಿನ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಹುಲ್ಲು ಕತ್ತರಿಸುವ ಮಷೀನನ್ನು ಅದರ ಮೇಲೆ ಮಗ್ಗುಲಾಗಿ ಮಲಗಿಸಿದ್ದರು ಮಾವ. ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಟ್ಟಿದ್ದರು. ಏರ್ ಫಿಲ್ಟರ್ ಇರುವ ಬದಿ ಮೇಲಕ್ಕಿತ್ತು. ಕೆಳಗಾದರೆ ಎಂಜಿನ್ನಿನ ಎಣ್ಣೆಯೆಲ್ಲ ಅದಕ್ಕೇ ನುಗ್ಗುತ್ತದಂತೆ. ಮುಂದಿನ ಚಕ್ರವೊಂದನ್ನು ಬಿಚ್ಚಿ ನನ್ನ ಕೈಗಿಟ್ಟು, 'ಒಳಗೆ ಬೆರಳಾಡಿಸಿ ನೋಡು' ಅಂದರು. ಚಕ್ರದ ಒಳಸುತ್ತಿನಲ್ಲಿ ಪ್ಲಾಸ್ಟಿಕ್ಕಿನ ಹಲ್ಲುಗಳಿರಬೇಕಿತ್ತು. ಅಲ್ಲೊಂದು ಇಲ್ಲೊಂದು ಮೊಳೆ ಬಿಟ್ಟರೆ ಉಳಿದದ್ದೆಲ್ಲ ನುಣ್ಣಗೆ ಸವೆದು, ಅಜ್ಜಿಯ ಒಸಡಿನಂತಾಗಿತ್ತು. ಎಂಜಿನ್ ಓಡುತ್ತದೆ, ಬೆಲ್ಟು ಎಳೆಯುತ್ತದೆ, ಆಕ್ಸಲ್ ತುದಿಯ ಪುಟ್ಟ ಗಿಯರೂ ಸುತ್ತುತ್ತದೆ. ಕಚ್ಚುವುದಕ್ಕೆ ಹಲ್ಲೇ ಇಲ್ಲದ ಮೇಲೆ ಚಕ್ರ ತಿರುಗುವುದೆಲ್ಲಿಂದ ಬಂತು?

'ಚಕ್ರ ಎರಡು ಸಲ ಹಾಕಿಸಿಯಾಯ್ತು ಮಾರಾಯ. ಈಗ ಗಿಯರ್ ಬಾಕ್ಸೂ ಗೊರಗೊರ ಅಂತಿದೆ' ಅಂದರು. ಬ್ಲೇಡನ್ನು ಮುಚ್ಚುವ ಡೆಕ್ಕಿನ ಅಡಿಗೆ ಟಾರ್ಚು ಬಿಟ್ಟರೆ ಬೆಳಕು ಮೇಲಿನಿಂದ ಕಾಣುವಷ್ಟು ತುಕ್ಕು ತಿಂದಿತ್ತು. ಹತ್ತೊಂಬತ್ತು ವರ್ಷದ ಮಷೀನು. ಕಳೆದ ವರ್ಷವಿಡೀ ಅದನ್ನು ಮಾವ ಕೈಯಿಂದಲೇ ತಳ್ಳಿಕೊಂಡು ಓಡಾಡಿದ್ದಾರೆ ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು.

ಮಾವ ಎಂದರೆ ಅಮ್ಮನ ಅಣ್ಣ. ತೀರ್ಥಹಳ್ಳಿ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರ್ ಆಗಿ ನಿವೃತ್ತರು, ವಯಸ್ಸು ಎಪ್ಪತ್ತನಾಲ್ಕು. ಮನೆ ಇರುವುದು ಅಮೆರಿಕದ ಪಿಟ್ಸ್‌ಬರ್ಗಿನ ಪೂರ್ವದ ಹೊರವಲಯದಲ್ಲಿ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹತ್ತು ನಿಮಿಷ. ಅಲ್ಲಿ ಸಪಾಟು ಜಾಗ ಹುಡುಕಿದರೂ ಸಿಗದು. ದೇವಸ್ಥಾನವೂ ಗುಡ್ಡದ ಮೇಲೆ, ಮಾವನ ಮನೆಯೂ ಗುಡ್ಡದ ಇಳಿಜಾರಿನಲ್ಲಿ. ಕಳೆದ ಮೇ ತಿಂಗಳು ನಾನು ಅಲ್ಲಿಗೆ ಹೋಗಿ ಇಳಿಯುವ ಮೊದಲೇ ಸಿಯಾಟಲ್‌ನಲ್ಲಿರುವ ಮಾವನ ಮಗಳ ಸಂದೇಶ ಬಂದು ಕೂತಿತ್ತು: 'ಅಪ್ಪನಿಗೊಂದು ಹೊಸ ಮೋವರ್ ಕೊಡಿಸು. ಇಲ್ಲಾ, ಹುಲ್ಲು ಕುಯ್ಯೋರನ್ನ ಗೊತ್ತು ಮಾಡು. ಅವರ ಮಾತು ಮಾತ್ರ ಕೇಳಬೇಡ.'

ಬೆಂಗಳೂರಿನ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಎರಡು ತುಳಸಿ ಕುಂಡ ಇಟ್ಟುಕೊಂಡಿರುವವನಿಗೆ ವಹಿಸುವ ಕೆಲಸವೇ ಇದು?

ಆದರೂ ಲೆಕ್ಕದಿಂದ ಶುರುಮಾಡಿದೆ. ಮನೆ, ಡ್ರೈವ್‌ವೇ ಕಳೆದರೆ ಹುಲ್ಲಿರುವುದು ಸುಮಾರು ಕಾಲು ಎಕರೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಇಂಥ ಮಷೀನುಗಳ ಬ್ಲೇಡು ಸಾಮಾನ್ಯವಾಗಿ 21 ಇಂಚು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಮೂರಿಂಚಾದರೂ ಹತ್ತಬೇಕು, ಇಲ್ಲದಿದ್ದರೆ ನಡುವೆ ಜುಟ್ಟು ಉಳಿಯುತ್ತದೆ. ಹಾಗೆ ಹೊರಟರೆ ಒಂದು ಸಲದ ಕಟಾವಿಗೆ ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ವಾರಕ್ಕೊಮ್ಮೆ. ಮೇ ತಿಂಗಳಲ್ಲಂತೂ ಮಳೆ ಬಿದ್ದರೆ ವಾರಕ್ಕೆ ಎರಡು ಸಲ, ಏಕೆಂದರೆ ಅದು ಚಳಿನಾಡಿನ ಹುಲ್ಲು. ವಸಂತದಲ್ಲಿ ಹುಚ್ಚೆದ್ದು ಬೆಳೆಯುತ್ತದೆ, ಜುಲೈ ಬಿಸಿಲಿಗೆ ಸುಮ್ಮನಾಗುತ್ತದೆ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಬೇರು ಸೊರಗುತ್ತದೆ, ಆದ್ದರಿಂದ ಮುಂದೂಡುವಂತೆಯೂ ಇಲ್ಲ. ಬೆಳೆಯಲು ಬಿಟ್ಟರೆ ಊರಿನ ಆಡಳಿತದಿಂದ ನೋಟಿಸು ಬರುತ್ತದೆ.

'ಇಷ್ಟು ಹುಲ್ಲು ಕುಯ್ದು ಒಂದು ಹಸುವಿಗೂ ಹಾಕಲ್ಲ' ಎಂಬುದು ಅತ್ತೆಯ ನಲವತ್ತು ವರ್ಷಗಳ ತಕರಾರು. ಅವರ ಪಕ್ಷಕ್ಕೆ ನಾನೂ ಒಂದು ಅಂಕಿ ಒದಗಿಸಿದೆ. ಕ್ರಿಸ್ಟಿನಾ ಮಿಲೆಸಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದಲ್ಲಿ ಇಂಥ ಹುಲ್ಲುಹಾಸು ಸುಮಾರು 1.6 ಲಕ್ಷ ಚದರ ಕಿಲೋಮೀಟರಿನಷ್ಟಿದೆ. ನಮ್ಮ ಇಡೀ ಕರ್ನಾಟಕ ಇರುವುದು 1.92 ಲಕ್ಷ. ಅತ್ತೆ ಸೌಟು ಹಿಡಿದುಕೊಂಡೇ ಒಂದು ಕ್ಷಣ ಯೋಚಿಸಿ, 'ಅಂದ್ರೆ ಎಷ್ಟು ಕೊಟ್ಟಿಗೆ ಆಗ್ತಿತ್ತು!' ಎಂದರು.

ಆಳು ಗೊತ್ತು ಮಾಡುವ ಮಾತನ್ನು ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಕೂತು ಓಡಿಸುವ ಮಷೀನು ಈ ಇಳಿಜಾರಿಗೆ ಅಪಾಯ, ಮಗುಚಿದರೆ ಮೈಮೇಲೇ ಬೀಳುತ್ತದೆ. ರೋಬಾಟು ಮೋವರುಗಳೂ ಬಂದಿವೆಯಲ್ಲ ಎಂದರೆ, 'ಅದು ಕುಯ್ಯೋದನ್ನ ನಾನು ಕಿಟಕೀಲಿ ಕೂತು ನೋಡ್ಬೇಕಾ?' ಎಂದು ಕೇಳಿದರು. ಹುಲ್ಲು ಕುಯ್ಯುವ ಈ ಒಂದು ತಾಸು ಅವರ ವಾಕಿಂಗು, ಅವರ ಏಕಾಂತ. ಹಾಗೆ ನೋಡಿದರೆ ಈ ಯಂತ್ರ ಹುಟ್ಟಿದಾಗಿನಿಂದಲೂ ಅದಕ್ಕೆ ಆ ಹೆಗ್ಗಳಿಕೆ ಇದೆ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಮೊದಲ ಲಾನ್ ಮೋವರಿಗೆ ಪೇಟೆಂಟು ಪಡೆದ. ಉಣ್ಣೆಬಟ್ಟೆಯ ಗಿರಣಿಯಲ್ಲಿ ಬಟ್ಟೆಯ ಮೇಲೆದ್ದ ನವಿರನ್ನು ಸವರುವ ಸುರುಳಿ ಬ್ಲೇಡು ನೋಡಿ ಅವನಿಗೆ ಹುಲ್ಲು ನೆನಪಾಯಿತು. ಜಮೀನ್ದಾರರು ತಾವೇ ಇದನ್ನು ತಳ್ಳಿದರೆ ಒಳ್ಳೆಯ ವ್ಯಾಯಾಮ ಎಂಬರ್ಥದ ಮಾತನ್ನೂ ಅದೇ ಪೇಟೆಂಟಿನಲ್ಲಿ ಸೇರಿಸಿದ.

ಹೀಗೆ ಉಳಿದದ್ದು ತಾನೇ ಮುಂದೆ ಹೋಗುವ, ಹಿಂದೆ ನಾವು ನಡೆಯುವ ಜಾತಿ. ಅದರಲ್ಲಿ ಕೊಳ್ಳುವವರು ಮೊದಲು ಕೇಳುವುದು ಎಂಜಿನ್ನಿನ ಬಲ. ನಾನೂ ಅದನ್ನೇ ಕೇಳಿದೆ. ಅಂಗಡಿಯ ಡಬ್ಬಗಳ ಮೇಲೆ ಹಾರ್ಸ್‌ಪವರ್ ಎಂಬ ಪದ ಕಾಣಲೇ ಇಲ್ಲ, ಬರೀ ಸಿ.ಸಿ. ಮತ್ತು ಟಾರ್ಕ್. ಹಾರ್ಸ್‌ಪವರನ್ನು ಉಬ್ಬಿಸಿ ಬರೆಯುತ್ತಾರೆಂದು ಗ್ರಾಹಕರು ಕೋರ್ಟಿಗೆ ಹೋಗಿ, 2010ರಲ್ಲಿ ಕಂಪನಿಗಳು ಕೋಟಿಗಟ್ಟಲೆ ಡಾಲರ್ ತೆತ್ತು ರಾಜಿಯಾದ ಕಥೆ ಮಾವನಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಅದು ಮುಖ್ಯವೇ ಅಲ್ಲ. ಹುಲ್ಲನ್ನು ಯಾವ ಎಂಜಿನ್ನಾದರೂ ಕತ್ತರಿಸುತ್ತದೆ. ನೋಡಬೇಕಾದದ್ದು ಅದರ ಹಿಂದೆ ನಡೆಯುವವರ ಕಾಲನ್ನು.

ಈ ಮಾತು ನನಗೆ ಹೊಳೆದದ್ದು ಪಕ್ಕದ ಮನೆಯವರ ಮಷೀನನ್ನು ಮಾವ ಪರೀಕ್ಷೆಗೆಂದು ತಂದಾಗ. ಅದರದ್ದು ಹಳೆಯ ರೀತಿ: ಲಿವರ್ ಒತ್ತಿದರೆ ಚಕ್ರ ಒಂದೇ ವೇಗದಲ್ಲಿ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮಾವ ಲಿವರ್ ಒತ್ತಿದರು. ಮಷೀನು ಹಗ್ಗ ಬಿಚ್ಚಿದ ಕರುವಿನ ಹಾಗೆ ಹೊರಟಿತು. ಎಡ ಮೊಣಕಾಲು ನೋಯುವ ಮಾವ ಅದರ ಹಿಂದೆ ಅರ್ಧ ಓಡುತ್ತ, ಅರ್ಧ ಜಗ್ಗುತ್ತ ಹೋದರು. ಎಂಟು ಹೆಜ್ಜೆಗೊಮ್ಮೆ ಲಿವರ್ ಬಿಟ್ಟು, ಉಸಿರು ಬಿಟ್ಟು, ಮತ್ತೆ ಒತ್ತಬೇಕು. ತಳ್ಳುವ ಕಷ್ಟ ತಪ್ಪಿತು, ಹಿಡಿದು ನಿಲ್ಲಿಸುವ ಕಷ್ಟ ಬಂತು. ಹುಲ್ಲಿನ ಮೇಲೆ ಅವರ ಬೂಟಿನ ಗುರುತು ಸಮವಾಗಿರಲಿಲ್ಲ. ನಾಲ್ಕು ಉದ್ದ ಹೆಜ್ಜೆ, ಒಂದು ಜಾರಿದ ಗೆರೆ, ಮತ್ತೆ ನಾಲ್ಕು.

ಈಗಿನವುಗಳಲ್ಲಿ ಇದಕ್ಕೆ ಎರಡು ಪರಿಹಾರಗಳಿವೆ. ಟೋರೋ ಕಂಪನಿಯ ಒಂದು ಬಗೆಯಲ್ಲಿ ಹಿಡಿಕೆಯೇ ಸ್ವಲ್ಪ ಮುಂದೆ ಹಿಂದೆ ಜಾರುತ್ತದೆ. ನೀವು ಹೆಚ್ಚು ಒತ್ತಿದರೆ ಮಷೀನು ಬಿರುಸಾಗುತ್ತದೆ, ನಿಧಾನಿಸಿದರೆ ಅದೂ ನಿಧಾನಿಸುತ್ತದೆ. ಇನ್ನೊಂದರಲ್ಲಿ ಫ್ಯಾನಿನ ರೆಗ್ಯುಲೇಟರಿನಂಥ ಗುಂಡಿ ತಿರುಗಿಸಿ ವೇಗ ಗೊತ್ತುಮಾಡಿಟ್ಟುಕೊಳ್ಳಬಹುದು. ಮೊದಲನೆಯದು ಕೇಳಲು ಚೆಂದ. ಆದರೆ ಏರಿನಲ್ಲಿ ದಣಿದವರು ಹಿಡಿಕೆಗೆ ಒರಗಿದರೆ ಅದನ್ನೂ ಅದು ಅವಸರವೆಂದೇ ತಿಳಿಯುತ್ತದೆ. ಮಾವನಂಥವರಿಗೆ ಗುಂಡಿಯೇ ಸರಿ ಎಂದು ನನಗನ್ನಿಸಿತು.

ಇನ್ನು ಎಳೆಯುವ ಚಕ್ರ ಮುಂದಿನದೋ ಹಿಂದಿನದೋ ಎಂಬ ಪ್ರಶ್ನೆ. ಮುಂದಿನ ಚಕ್ರ ಎಳೆಯುವವು ಅಗ್ಗ, ತಿರುಗಿಸುವುದೂ ಸುಲಭ: ಹಿಡಿಕೆ ಅದುಮಿದರೆ ಮೂತಿ ಮೇಲೇಳುತ್ತದೆ, ಅಲ್ಲೇ ತಿರುಗಿಸಿಕೊಳ್ಳಬಹುದು. ಸಮತಟ್ಟು ಅಂಗಳಕ್ಕೆ ಅದೇ ಸಾಕು. ಇಳಿಜಾರಿನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಹಿಂಬದಿಯ ಚೀಲದಲ್ಲಿ ಒದ್ದೆ ಹುಲ್ಲು ತುಂಬಿದ್ದರಂತೂ ಮುಂದಿನ ಚಕ್ರ ನೆಲ ಕಚ್ಚದೆ ಬರೀ ಗಿರಗಿರ ತಿರುಗುತ್ತದೆ. ಮಾವನ ಹಳೆಯ ಚಕ್ರಗಳ ಹಲ್ಲು ಉದುರಿದ್ದರಲ್ಲಿ ಪಿಟ್ಸ್‌ಬರ್ಗಿನ ಗುಡ್ಡದ ಪಾಲೂ ಇರಬೇಕು. ಹಿಂದಿನ ಚಕ್ರ ಎಳೆಯುವುದೇ ಬೇಕೆಂದು ಅಲ್ಲಿಗೆ ತೀರ್ಮಾನವಾಯಿತು. ಇಳಿಜಾರಿಗೆ ಅಡ್ಡಡ್ಡ ಹೋಗಬೇಕು, ಮೇಲೆ ಕೆಳಗೆ ಹೋಗಬಾರದು ಎಂಬುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೀರ್ಥಹಳ್ಳಿಯಲ್ಲಿ ಅವರ ಅಣ್ಣನ ಮಗ ಅಡಿಕೆ ತೋಟದಲ್ಲಿ ಹೆಗಲಿಗೆ ಕಳೆ ಕೊಚ್ಚುವ ಕಟ್ಟರ್ ನೇತುಹಾಕಿಕೊಂಡು ಹೋಗುತ್ತಾನೆ. ಅದಕ್ಕೆ ಚಕ್ರದ ತಕರಾರೇ ಇಲ್ಲ, ಸೊಂಟದ್ದು ಮಾತ್ರ.

ನಿಜವಾದ ಜಗಳ ನಡೆದದ್ದು ಪೆಟ್ರೋಲೋ ಬ್ಯಾಟರಿಯೋ ಎಂಬಲ್ಲಿ. ಮಾವನ ಕಣ್ಣು ಹೋಂಡಾ ಮೇಲೆ. ಆ ಕಂಪನಿ 2023ರಲ್ಲೇ ಅಮೆರಿಕದ ಮಾರುಕಟ್ಟೆಗೆ ಪೆಟ್ರೋಲು ಲಾನ್ ಮೋವರ್ ತಯಾರಿಸುವುದನ್ನು ನಿಲ್ಲಿಸಿದೆ ಎಂದಾಗ ಅವರು ಬಂಧುವೊಬ್ಬರು ಹೋದ ಸುದ್ದಿ ಕೇಳಿದಂತೆ ಸುಮ್ಮನಾದರು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ಹೊಸ ಪೆಟ್ರೋಲು ಮೋವರುಗಳಿಗೆ ಬಾಗಿಲು ಮುಚ್ಚುವ ಕಾನೂನೇ ಬಂದಿದೆ. 'ಪೆನ್ಸಿಲ್ವೇನಿಯಾದಲ್ಲಿ ಬಂದಿಲ್ಲವಲ್ಲ' ಎಂದರು ಮಾವ. ಪೆಟ್ರೋಲಿನ ಪರವಾಗಿ ಅವರ ವಾದ ಗಟ್ಟಿಯೇ ಇತ್ತು: ಟ್ಯಾಂಕು ಬರಿದಾದರೆ ತುಂಬಿಸಿ ಹೊರಡಬಹುದು, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು. ಎದುರು ವಾದವೂ ಅವರ ಗ್ಯಾರೇಜಿನಲ್ಲೇ ಇತ್ತು. ಅಲ್ಲಿನ ಪೆಟ್ರೋಲಿಗೆ ಶೇಕಡಾ ಹತ್ತರಷ್ಟು ಎಥೆನಾಲ್ ಬೆರೆತಿರುತ್ತದೆ, ಅದು ನೀರು ಹೀರುತ್ತದೆ. ಚಳಿಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟರೆ ಹಳಸಿದ ಪೆಟ್ರೋಲಿನ ಅಂಟು ಕಾರ್ಬುರೇಟರಿನ ಕೂದಲೆಳೆ ತೂತನ್ನು ಕಟ್ಟಿಬಿಡುತ್ತದೆ. ಆಮೇಲೆ ಏಪ್ರಿಲಿನಲ್ಲಿ ಹಗ್ಗ ಎಳೆದದ್ದೇ ಎಳೆದದ್ದು. ಪ್ರತಿ ವರ್ಷ ಆ ಹಗ್ಗದ ಜೊತೆ ಮಾವನ ಬಲಭುಜವೂ ಎಳೆಯುತ್ತದೆಂದು ಅತ್ತೆಯ ಸಾಕ್ಷಿ.

ಬ್ಯಾಟರಿ ಮೋವರುಗಳ ಲೇಬಲ್ ಓದುವುದೂ ಒಂದು ವಿದ್ಯೆ. 20 ವೋಲ್ಟ್ ಎಂದು ಬರೆದದ್ದು ಕೆಲಸ ಮಾಡುವಾಗ 18 ವೋಲ್ಟಿನದು. ಚಾರ್ಜ್ ತುಂಬಿದ ಗಳಿಗೆಯ ಲೆಕ್ಕ ಕಂಪನಿಯವರು ಹಾಕಿರುತ್ತಾರೆ. 56 ಎಂದದ್ದೂ ಹಾಗೆಯೇ, ಐವತ್ತರ ಆಸುಪಾಸು. ಅದನ್ನು ಆಂಪಿಯರ್-ಅವರ್ ಸಂಖ್ಯೆಯಿಂದ ಗುಣಿಸಿ ನೋಡಬೇಕು. 7.5 ಆಂಪಿಯರ್-ಅವರ್‌ನ 56 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ ಕರೆಂಟು. ಅಷ್ಟರಲ್ಲಿ ಒಣ ಹುಲ್ಲಾದರೆ ಹತ್ತು ಗುಂಟೆ ಮುಗಿಯುತ್ತದೆ, ಮೇ ತಿಂಗಳ ಒದ್ದೆ ಹುಲ್ಲಾದರೆ ಮೂಲೆಯಲ್ಲೆಲ್ಲೋ ನಿಂತುಬಿಡಬಹುದು. ಬ್ಯಾಟರಿ ಸತ್ತ ದಿನ ಹೊಸದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ ಎಂಬುದನ್ನೂ ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಕೊನೆಗೆ ತೀರ್ಪು ಕೊಟ್ಟದ್ದು ಮಾವನ ಬೆರಳುಗಳು. ಅಮೆರಿಕದಲ್ಲಿ 1982ರಿಂದ ಒಂದು ನಿಯಮವಿದೆ: ಹಿಡಿಕೆ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು. ಅದಕ್ಕಾಗಿ ಹಿಡಿಕೆಗೆ ಒಂದು ಕಂಬಿ ಇರುತ್ತದೆ, ಕತ್ತರಿಸುವಷ್ಟು ಹೊತ್ತೂ ಅದನ್ನು ಹಿಡಿಕೆಗೆ ಒತ್ತಿಯೇ ಇರಬೇಕು. ಪೆಟ್ರೋಲು ಮಷೀನಿನಲ್ಲಿ ಆ ಕಂಬಿ ಬ್ರೇಕಿನ ಸ್ಪ್ರಿಂಗನ್ನು ಎಳೆದು ಹಿಡಿದಿರುತ್ತದೆ. ಅಂಗಡಿಯಲ್ಲಿ ಮಾವ ಅದನ್ನು ಹಿಡಿದು ನಿಂತರು. ನಾನು ಬೇಕೆಂದೇ ಮಾತು ಬೆಳೆಸಿದೆ, ಚಕ್ರದ ಅಳತೆ, ಡೆಕ್ಕಿನ ಉಕ್ಕು ಎಂದೆಲ್ಲ. ಎರಡು ನಿಮಿಷಕ್ಕೆ ಅವರ ಬೆರಳ ಗೆಣ್ಣು ಬಿಳುಚಿದವು. ಆರ್ಥ್ರೈಟಿಸ್ ಅನ್ನುವ ಪದವನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ. ಮಾವ ಕೈ ಬಿಟ್ಟು, ಪ್ಯಾಂಟಿಗೆ ಒರೆಸಿಕೊಂಡು, ಪಕ್ಕದ ಬ್ಯಾಟರಿ ಮಷೀನಿನ ಕಂಬಿ ಹಿಡಿದರು. ಅದು ಬರೀ ಸ್ವಿಚ್ಚು, ಕಿರುಬೆರಳಿಗೂ ಬಗ್ಗುತ್ತದೆ.

'ಇದರ ಹಿಂದಿನ ಚಕ್ರ ಎಳೆಯುತ್ತಾ?' ಎಂದಷ್ಟೇ ಕೇಳಿದರು.

ಎಳೆಯುತ್ತಿತ್ತು. ವೇಗದ ಗುಂಡಿಯೂ ಇತ್ತು. ಹಳೆಯದರಂತೆ ಗ್ಯಾರೇಜಿನಲ್ಲಿ ಮಂಚದಷ್ಟು ಜಾಗ ಬೇಡದೆ ಮಡಚಿ ಗೋಡೆಗೆ ನಿಲ್ಲುತ್ತಿತ್ತು. ಪೆಟ್ರೋಲಿನದಕ್ಕಿಂತ ಇನ್ನೂರು ಡಾಲರ್ ಹೆಚ್ಚು. ಮಾವನ ಮಗಳು ಫೋನಿನಲ್ಲೇ ದುಡ್ಡು ಕಟ್ಟಿದಳು. ಮೊದಲ ದಿನ ಗುಂಡಿಯನ್ನು ತಗ್ಗಿಸುತ್ತ ತಗ್ಗಿಸುತ್ತ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ವೇಗಕ್ಕೆ ಮಾವ ತಂದು ನಿಲ್ಲಿಸಿದರು. ಒಂದೂವರೆ ಗುಂಟೆ ಬಾಕಿ ಇರುವಾಗ ಚಾರ್ಜು ಮುಗಿಯಿತು. ನನ್ನ ಕಡೆ ಒಂದು ನೋಟ ಬಿಟ್ಟು, ಕಾಫಿ ಕುಡಿಯಲು ಒಳಗೆ ಹೋದರು.

ಹಳೆಯ ಮಷೀನನ್ನು ಸಂಜೆ ರಸ್ತೆಯಂಚಿಗೆ ದಬ್ಬಿ, 'ಉಚಿತ, ಎಂಜಿನ್ ಚೆನ್ನಾಗಿದೆ, ಡ್ರೈವ್ ಇಲ್ಲ' ಎಂದು ಇಂಗ್ಲಿಷಿನಲ್ಲಿ ರಟ್ಟಿನ ಮೇಲೆ ಬರೆದು ಅಂಟಿಸಿದರು. ಅರ್ಧ ಗಂಟೆಯೂ ಆಗಿರಲಿಲ್ಲ, ಪಿಕಪ್ಪಿನಲ್ಲಿ ಬಂದ ಹುಡುಗನೊಬ್ಬ ಅದನ್ನು ಎತ್ತಿ ಹಾಕಿಕೊಳ್ಳುತ್ತಿದ್ದ. ಕಿಟಕಿಯಿಂದ ನೋಡುತ್ತಿದ್ದ ಮಾವ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದರು. ಅತ್ತೆ ಗಾಬರಿಯಾಗಿ ನನ್ನನ್ನು ಹಿಂದೆಯೇ ಕಳಿಸಿದರು. ನಾನು ಹೋಗುವಷ್ಟರಲ್ಲಿ ಮಾವ ಪಿಕಪ್ಪಿನ ಹಿಂಬಾಗಿಲಿಗೆ ಒರಗಿ, ಆ ಹುಡುಗನಿಗೆ ಬೆರಳು ತೋರಿಸಿ ವಿವರಿಸುತ್ತಿದ್ದರು: ಚಳಿ ಇದ್ದ ದಿನ ಪ್ರೈಮರ್ ಗುಂಡಿ ನಾಲ್ಕು ಸಲ ಒತ್ತಬೇಕು, ಐದನೇ ಸಲ ಒತ್ತಿದರೆ ಪೆಟ್ರೋಲು ಹೆಚ್ಚಾಗಿ ಹಟ ಹಿಡಿಯುತ್ತದೆ.